ಚೀಟಿ ಹಚ್ಚಿದ ಕೌದಿ

ಚೀಟಿ ಹಚ್ಚಿದ್ದು ಹೋಗುತ್ತದೆ, ಹಚ್ಚದ್ದು ಮನೆಯಲ್ಲಿ ಉಳಿಯುತ್ತದೆ. ಗುಡ್ಡವ್ವನಿಗೆ ಈ ಪಾಠ ಹೇಳಿಕೊಟ್ಟವಳು ಅವಳ ಸೊಸೆ ಅನಿತಾಳೇ. ಹಾಗಾಗಿ ಮುಂದೆ ಆದದ್ದಕ್ಕೆಲ್ಲ ಯಾರನ್ನಾದರೂ ಬೈಯೋಣವೆಂದರೆ ಅನಿತಾಳಿಗೆ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಸೂಡಿಯ ಆ ಮನೆಯ ಪಡಸಾಲೆಯಲ್ಲಿ, ಮೊದಲು ಜೋಳದ ಚೀಲ ಒಟ್ಟುತ್ತಿದ್ದ ಮೂಲೆಯಲ್ಲಿ, ಈಗ ಒಂದು ಮೇಜು ಇದೆ. ಮೇಜಿನ ಮೇಲೆ ರೊಟ್ಟಿ ಡಬ್ಬಿಯಷ್ಟಿರುವ ಒಂದು ಪ್ರಿಂಟರು. ಫೋನಿನಲ್ಲಿ ಒತ್ತಿದರೆ ಸಾಕು, ಕಿರ್ರೆಂದು ಅಂಗೈಯಗಲದ ಚೀಟಿ ಹೊರಗೆ ಬರುತ್ತದೆ. ಅದರ ಮೇಲೆ ಯಾರಿಗೆ ಹೋಗಬೇಕೋ ಅವರ ಹೆಸರು, ಓಣಿ, ಊರು, ಕೆಳಗೆ ಕಪ್ಪು ಗೆರೆಗಳ ಸಾಲು. ಹಿಂದಿನ ಕಾಗದ ಕಿತ್ತು ಪೊಟ್ಟಣದ ಮೇಲೆ ಅಂಟಿಸಿದರೆ ಮುಗಿಯಿತು. ಟಪಾಲು ಕಚೇರಿಯ ಕಟ್ಟೆ ಹತ್ತಬೇಕಿಲ್ಲ, ಗಜೇಂದ್ರಗಡದಿಂದ ಪಾರ್ಸಲ್ ಕಂಪನಿಯ ರಿಯಾಜ ದಿನ ಬಿಟ್ಟು ದಿನ ಬೈಕಿನ ಮೇಲೆ ಬಂದು ಮನೆಯಿಂದಲೇ ಒಯ್ಯುತ್ತಾನೆ. ಈ ಯಂತ್ರಕ್ಕೆ ಶಾಯಿ ಬೇಡ, ಬರೀ ಬಿಸಿಯಿಂದ ಅಕ್ಷರ ಮೂಡುತ್ತವೆ ಎಂಬುದನ್ನು ಗುಡ್ಡವ್ವ ಇವತ್ತಿಗೂ ಪೂರ್ತಿ ನಂಬಿಲ್ಲ. ಯಾರೂ ನೋಡದಾಗ ಸೊಸೆ ಅದಕ್ಕೆ ಏನೋ ಕುಡಿಸುತ್ತಾಳೆ ಎಂದೇ ಅವಳು ತಿಳಿದಿದ್ದಾಳೆ.

ಹೋಗುವ ಮಾಲು ಕೌದಿ. ಹಳೆಯ ಅರಿವೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಹೊದಿಕೆ. ಈ ಕಡೆ ಕೌದಿ ಇಲ್ಲದ ಮನೆ ಇಲ್ಲ, ಆದರೆ ಅದನ್ನು ಜನ ಪಾರ್ಸಲ್ಲಿನಲ್ಲಿ ತರಿಸಿಕೊಂಡು ಹೊದ್ದುಕೊಳ್ಳುತ್ತಾರೆ ಎಂದು ಐದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಓಣಿಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಈಗ ಅದೇ ಹೆಂಗಸರು ಐದಾರು ಮಂದಿ ಮಧ್ಯಾಹ್ನ ಕೂತು ಹೊಲೆಯುತ್ತಾರೆ. ಪುಣೆ, ಹುಬ್ಬಳ್ಳಿ, ಬೆಳಗಾವಿಯ ತಾಯಂದಿರು ತಮ್ಮ ಮಕ್ಕಳಿಗೆ ಗಿಡ್ಡವಾದ ಅಂಗಿ, ಫ್ರಾಕುಗಳನ್ನು ಕಳಿಸುತ್ತಾರೆ, ಅವು ಕೌದಿಯಾಗಿ ತಿರುಗಿ ಹೋಗುತ್ತವೆ. ಹೊಸ ಬಟ್ಟೆಯಲ್ಲಿ ಹೊಲೆದ ಕೂಸಿನ ಕೌದಿಗಳೂ ಹೋಗುತ್ತವೆ. ಫೋಟೋ ಹಾಕುವುದು, ಆರ್ಡರು ಹಿಡಿಯುವುದು, ಕಟ್ಟುವುದು, ಚೀಟಿ ತೆಗೆಯುವುದು ಅನಿತಾಳ ಪಾಲು. ಗಂಡ ದ್ಯಾಮೇಶ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಬರುತ್ತಾನೆ.

ಆ ಕೌದಿಗಳ ನಡುವೆ ಮಾರಾಟಕ್ಕಲ್ಲದ ಒಂದು ಸಣ್ಣ ಕೌದಿ ಇತ್ತು. ಅದು ಅನಿತಾಳದು.

ಅವಳಿಗೊಂದು ಗಂಡುಮಗು ಹುಟ್ಟಿ, ಒಂದು ವರ್ಷ ಎರಡು ತಿಂಗಳು ಬದುಕಿ, ಎರಡು ವರ್ಷದ ಹಿಂದೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಿತ್ತು. ದ್ಯಾಮೇಶ ಅದಕ್ಕೆ ರಾಜರತ್ನ ಎಂದು ಹೆಸರಿಟ್ಟಿದ್ದ. ಕೂಸು ಮೊಳದಷ್ಟು, ಹೆಸರು ಮಾತ್ರ ಊರಗಲ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಮಣ್ಣು ಮಾಡಿ ಬಂದ ಮೂರನೆಯ ದಿನ ಗುಡ್ಡವ್ವ ಮೊಮ್ಮಗನ ಅರಿವೆಗಳನ್ನೆಲ್ಲ ಗಂಟು ಕಟ್ಟಿ ಹಳ್ಳಕ್ಕೆ ಬಿಟ್ಟು ಬಂದಳು. ಹೋದ ಕೂಸಿನ ಅರಿವೆ ಮನೆಯಲ್ಲಿದ್ದರೆ ಮುಂದಿನ ಕೂಸು ಒಳಗೆ ಬರಲು ಹೆದರುತ್ತದೆ ಎಂಬುದು ಅವಳ ನಂಬಿಕೆ, ಅವಳ ಅತ್ತೆಯ ನಂಬಿಕೆ, ಇಡೀ ಸೀಮೆಯ ನಂಬಿಕೆ. ಗುಡ್ಡವ್ವ ಕಲ್ಲೆದೆಯವಳೇನಲ್ಲ. ಒಂದೊಂದು ಅಂಗಿಯನ್ನೂ ಮೂಗಿಗೆ ಹಿಡಿದುಕೊಂಡೇ ಗಂಟಿಗೆ ಹಾಕಿದಳು. ಆದರೆ ದವಾಖಾನೆಗೆ ಒಯ್ದಿದ್ದ ಚೀಲವನ್ನು ನೋಡಲು ಅವಳಿಗೆ ನೆನಪಾಗಲಿಲ್ಲ. ಅದರಲ್ಲಿ ಉಟ್ಟು ಬಿಟ್ಟ ಒಂದು ಹಳದಿ ಅಂಗಿ, ಎರಡು ಚಡ್ಡಿ, ತಲೆಗೂ ಬೆನ್ನಿಗೂ ಹಾಕುವ ಒಂದು ಕುಂಚಿಗೆ ಇದ್ದವು. ಅವನ್ನು ಅನಿತಾ ಮುಚ್ಚಿಟ್ಟುಕೊಂಡಳು, ಒಗೆಯಲೂ ಇಲ್ಲ.

ಒಂದೂವರೆ ವರ್ಷ ಮುಚ್ಚಿಟ್ಟುಕೊಂಡವಳು ಕಡೆಗೆ ಎಲ್ಲರ ಕಣ್ಣೆದುರೇ ಕೂತು ಅವನ್ನು ಕೌದಿ ಮಾಡಿದಳು. ಮಕ್ಕಳ ಹಳೆಯ ಅಂಗಿ ಹೊಲೆಯುವುದೇ ಅವರ ಕೆಲಸವಾದ್ದರಿಂದ ಯಾರದೋ ಆರ್ಡರು ಎಂದರೆ ಯಾರೂ ಮತ್ತೊಂದು ಮಾತು ಕೇಳುತ್ತಿರಲಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುವುದು ಅವರಲ್ಲಿ ಪದ್ಧತಿ, ಕೌದಿ ಹಸಿದಿರಬಾರದು. ಅನಿತಾ ಅದರಲ್ಲಿ ಒಂದು ಚಿಟಿಕೆ ಸಕ್ಕರೆ ಇಟ್ಟಳು. ರಾಜರತ್ನನಿಗೆ ರೊಟ್ಟಿ ಅಗಿಯುವಷ್ಟು ಹಲ್ಲು ಬಂದಿರಲಿಲ್ಲ.

ಹೊಲೆದದ್ದಾಯಿತು, ಇಡುವುದೆಲ್ಲಿ? ಟ್ರಂಕನ್ನು ಗುಡ್ಡವ್ವ ವಾರಕ್ಕೊಮ್ಮೆ ತೆಗೆಯುತ್ತಾಳೆ, ಅಟ್ಟದಲ್ಲಿ ಇಲಿ. ಮೇಜಿನ ಕೆಳಗಿನ ಹಲಗೆಯ ಮೇಲೆ, ಕಳಿಸಬೇಕಾದ ಪೊಟ್ಟಣಗಳ ಸಾಲಿನಲ್ಲಿ, ಕಂದು ಕವರಿನೊಳಗೆ ಇಟ್ಟರೆ ಯಾರೂ ಮುಟ್ಟುವುದಿಲ್ಲ. ಆದರೆ ಚೀಟಿ ಇಲ್ಲದ ಕವರು ಅಲ್ಲಿ ತಿಂಗಳುಗಟ್ಟಲೆ ಕೂತರೆ ಅತ್ತೆ ಇದೇನೆಂದು ತೆಗೆದು ನೋಡದೆ ಬಿಡುವವಳಲ್ಲ. ಆಗ ನೆನಪಾದದ್ದು ನರಗುಂದದ ಮಹೇಶ್ವರಿಯ ಚೀಟಿ. ಮಹೇಶ್ವರಿ ಎಂಬ ಆ ಬಸುರಿ ಕೂಸಿನ ಕೌದಿಗೆ ಆರ್ಡರು ಕೊಟ್ಟು, ಮರುದಿನವೇ ಫೋನು ಮಾಡಿ ಬೇಡವೆಂದಿದ್ದಳು. ಕೂಸು ಹುಟ್ಟುವ ಮೊದಲು ಒಂದು ನೂಲೂ ಮನೆಗೆ ತರಬಾರದೆಂದು ಅತ್ತೆ ಕೂಗಾಡಿದಳಂತೆ. ಅಷ್ಟರಲ್ಲಿ ಚೀಟಿ ಪ್ರಿಂಟಾಗಿತ್ತು. ಅದನ್ನು ಕಂಪನಿಯ ಆಪಿನಲ್ಲಿ ರದ್ದು ಮಾಡಬೇಕು. ನಾಳೆ ಮಾಡಿದರಾಯಿತು ಎಂದು ಬಿಟ್ಟದ್ದು ಹಾಗೇ ಉಳಿಯಿತು. ಆ ಚೀಟಿಯನ್ನೇ ಅನಿತಾ ತನ್ನ ಕವರಿಗೆ ಅಂಟಿಸಿದಳು. ಬಾಯಿಗೆ ಟೇಪು ಹಾಕದೆ ಒಂದು ಪಿನ್ನು ಚುಚ್ಚಿದಳು. ಬೇಕೆನಿಸಿದಾಗ ತೆಗೆದು ಮುಖಕ್ಕೆ ಒತ್ತಿಕೊಂಡು ಮತ್ತೆ ಇಡಬೇಕಲ್ಲ. ಇಂಥ ಬುದ್ಧಿವಂತಿಕೆಗೆ ಏನು ಹೇಳುವುದು? ನಾಲ್ಕು ತಿಂಗಳು ಅದು ನಡೆಯಿತು ಕೂಡ.

ಗುಡ್ಡವ್ವನಿಗೆ ಇನ್ನೊಂದು ಮೊಮ್ಮಗು ಬೇಕಾಗಿತ್ತು. ರೋಣದ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಾ ಎಂದು ಸೊಸೆಗೆ ದುಂಬಾಲು ಬಿದ್ದಿದ್ದಳು. ಗಂಡ ವರ್ಷಕ್ಕೆ ಮೂರು ಸಲ ಊರಿಗೆ ಬಂದರೆ ಡಾಕ್ಟರಮ್ಮನಾದರೂ ಏನು ಮಾಡಬೇಕು ಎಂದು ಕೇಳುವ ಧೈರ್ಯ ಅನಿತಾಳಿಗಿರಲಿಲ್ಲ. ಒಂದು ಸೋಮವಾರ ಹೋದಳು. ಕಟ್ಟಿಟ್ಟ ಮೂರು ಪೊಟ್ಟಣ ಮೇಜಿನ ಮೇಲಿವೆ, ಮೂರರೊಳಗೆ ಬಂದುಬಿಡುತ್ತೇನೆ ಎಂದು ಹೇಳಿ ಹೋದಳು. ರಿಯಾಜನಿಗೆ ಅವತ್ತು ಬೇರೆಲ್ಲೋ ಕೆಲಸವಿತ್ತು, ಮೂರು ಗಂಟೆಗೆ ಬರಬೇಕಾದವನು ಹನ್ನೊಂದಕ್ಕೇ ಬಂದ. ಗುಡ್ಡವ್ವ ಮೂರನ್ನೂ ಕೊಟ್ಟು, ಮತ್ತೇನಾದರೂ ಉಳಿದಿದೆಯೋ ಎಂದು ಬಗ್ಗಿ ನೋಡಿದಳು. ಚೀಟಿ ಹಚ್ಚಿದ ಇನ್ನೊಂದು ಕಂಡಿತು.

ಅನಿತಾ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ ಹೆಮ್ಮೆಯಿಂದ ವರದಿ ಒಪ್ಪಿಸಿದಳು.

"ನಾಲ್ಕೂ ಕೊಟ್ಟೆ ನೋಡ. ಒಂದಕ್ಕ ಟೇಪ್ ಹಚ್ಚೂದ ಮರ್ತಿದ್ದಿ. ಪಿನ್ನಾ ತಗದು ನಾನ ಹಚ್ಚಿ ಕೊಟ್ಟೀನಿ."

ಅನಿತಾ ಬಗ್ಗಿ ಹಲಗೆ ನೋಡಿದಳು. ಅಲ್ಲಿ ಬರೀ ಹಲಗೆ ಇತ್ತು. ಕೂಗಬೇಕೆನಿಸಿತು. ಆದರೆ ಕೂಗಿದರೆ ಯಾಕೆಂದು ಹೇಳಬೇಕು, ಹೇಳಿದರೆ ಆ ಕೌದಿ ತಿರುಗಿ ಬಂದರೂ ಹಳ್ಳಕ್ಕೇ ಹೋಗುತ್ತದೆ. ಅವಳು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನಳ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಸೆರಗು ಕಚ್ಚಿಕೊಂಡು ಅತ್ತಳು. ಎರಡು ವರ್ಷದ ಹಿಂದೆ ಮಗುವನ್ನು ಮಣ್ಣು ಮಾಡಿ ತಿರುಗಿ ಬಂದಾಗಲೂ ಹೀಗೆ ಅತ್ತಿರಲಿಲ್ಲ. ಆಗ ಜನ ಸುತ್ತ ಕೂತಿದ್ದರು, ಈಗ ಅಳುವುದಕ್ಕೆ ಕಾರಣವನ್ನೂ ಯಾರಿಗೂ ಹೇಳುವ ಹಾಗಿರಲಿಲ್ಲ.

ರಿಯಾಜನಿಗೆ ಫೋನು ಮಾಡಿದಳು. ಅವನು ಒಳ್ಳೆಯವನೇ, ಬಹಳ ನೊಂದುಕೊಂಡ, ಆದರೆ ಚೀಲ ಹುಬ್ಬಳ್ಳಿಯ ವ್ಯಾನು ಹತ್ತಿ ಆಗಿತ್ತು. ಸೂಡಿಯಿಂದ ನರಗುಂದಕ್ಕೆ ಮನುಷ್ಯರು ರೋಣದ ಮೇಲೆ ಹಾದು ಅರ್ಧ ದಿನದಲ್ಲಿ ಹೋಗಿಬರುತ್ತಾರೆ. ಪಾರ್ಸಲ್ಲು ಮಾತ್ರ ಹುಬ್ಬಳ್ಳಿಯ ದರ್ಶನ ಮಾಡದೆ ಎಲ್ಲಿಗೂ ಹೋಗುವಂತಿಲ್ಲ. ಆಪಿನಲ್ಲಿ ವಾಪಸು ಕರೆಸುವ ಒಂದು ಗುಂಡಿ ಇದೆ, ಅದನ್ನು ಒತ್ತಿ ನೋಡಿ ಎಂದ. ಒತ್ತಿದಳು. ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ ಎಂದಿತು. ಮತ್ತೆ ಒತ್ತಿದಳು. ಎಷ್ಟು ಸಲ ಒತ್ತಿದರೂ ಅಷ್ಟೇ ಮರ್ಯಾದೆಯಿಂದ ಸ್ವೀಕರಿಸುತ್ತಿತ್ತು, ಪಾರ್ಸಲ್ಲು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಹುಬ್ಬಳ್ಳಿ ಬಿಟ್ಟಿದೆ, ನರಗುಂದ ಮುಟ್ಟಿದೆ, ಹಂಚಲು ಹೊರಟಿದೆ. ರೊಟ್ಟಿ ಬಡಿಯುತ್ತ ನೋಡುತ್ತಿದ್ದಳು, ನೀರು ಸೇದುತ್ತ ನೋಡುತ್ತಿದ್ದಳು. ಮಹೇಶ್ವರಿಯ ಫೋನು ಸ್ವಿಚ್ ಆಫ್ ಆಗಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ತಲುಪಿದೆ ಎಂದು ಆಪಿನಲ್ಲಿ ಬಂತು. ಸಹಿ ಮಾಡಿದವರ ಹೆಸರು ಉಡಚವ್ವ.

ನರಗುಂದದವರು ಬೇರೆ ಸೀಮೆಯವರಾಗಿದ್ದರೆ ಅಷ್ಟು ಹೆದರಿಕೆ ಇರುತ್ತಿರಲಿಲ್ಲ. ಅವರೂ ಇದೇ ಮಣ್ಣಿನವರು, ಇದೇ ನಂಬಿಕೆಯವರು. ಒಗೆಯದ ಹಳೆಯ ಅರಿವೆಯ ಕೂಸಿನ ಕೌದಿ ನೋಡಿದರೆ ಯಾರದೆಂದು ಕೇಳಿಯೇ ಕೇಳುತ್ತಾರೆ. ಹೋದ ಕೂಸಿನದೆಂದು ಗೊತ್ತಾದರೆ ಕೈಯಿಂದ ಮುಟ್ಟಲೂ ಅಸಹ್ಯಪಟ್ಟು ಒಲೆಗೆ ಹಾಕುತ್ತಾರೆ. ಅದಕ್ಕೆ ಮೊದಲು ಹೋಗಿ ತರಬೇಕು. ಮನೆ ಬಿಡಲು ನೆವ ಸಿಗುವಷ್ಟರಲ್ಲಿ ಮತ್ತೆ ನಾಲ್ಕು ದಿನ ಕಳೆದವು. ಡಾಕ್ಟರಮ್ಮ ಮತ್ತೆ ಕರೆದಿದ್ದಾಳೆ ಎಂದು ಅತ್ತೆಗೆ ಹೇಳಿ, ಬದಲಿಗೆ ಕೊಡಲು ಇದ್ದುದರಲ್ಲೇ ಚೆಂದದ ಹೊಸ ಕೌದಿಯೊಂದನ್ನು ಕೈಚೀಲದಲ್ಲಿಟ್ಟುಕೊಂಡು, ಅನಿತಾ ಮೊದಲ ಬಸ್ಸು ಹತ್ತಿದಳು. ವಿಳಾಸ ಬರೆದುಕೊಳ್ಳುವ ಅಗತ್ಯವಿರಲಿಲ್ಲ. ನಾಲ್ಕು ತಿಂಗಳು ಆ ಚೀಟಿಯನ್ನು ದಿನಾ ನೋಡಿದ್ದಳು.

ಮನೆ ನರಗುಂದದ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿತ್ತು. ಬಾಗಿಲಲ್ಲೇ ಲೋಬಾನದ ಹೊಗೆ, ಒಳಗೆ ಬಾಣಂತಿ. ಕೂಸು ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು. ಮಹೇಶ್ವರಿಯ ಅತ್ತೆ ಉಡಚವ್ವ ಎತ್ತರದ ಹೆಂಗಸು, ಮಾತು ಜೋರು. ಕೌದಿ ಕಳಿಸಿದವಳು ತಾನೇ ಎಂದು ಅನಿತಾ ಹೇಳಿದ್ದೇ ತಡ, ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಬೇಡವೆಂದರೂ ಕೂಸು ಹುಟ್ಟಿದ್ದನ್ನು ಕೇಳಿ ಸುಮ್ಮನೆ ಕಳಿಸಿಕೊಟ್ಟಿದ್ದಾಳೆ ಎಂದೇ ಅವರು ತಿಳಿದಿದ್ದರು. ಎಂಥ ದೊಡ್ಡ ಮನಸ್ಸು ಎಂದು ಉಡಚವ್ವ ಹೊಗಳುತ್ತಿದ್ದರೆ ಅನಿತಾಳ ಕಣ್ಣು ತೊಟ್ಟಿಲ ಮೇಲಿತ್ತು. ತೊಟ್ಟಿಲಲ್ಲಿ ಕೂಸು, ಕೂಸಿನ ಕೆಳಗೆ ಹಳದಿ ಅಂಗಿ. ಮಡಚಿದ ಆ ಸಣ್ಣ ಮುಷ್ಟಿ ಸರಿಯಾಗಿ ಕುಂಚಿಗೆಯ ಅಂಚಿನ ಮೇಲಿತ್ತು.

ಮೂಲೆಯೊಂದಕ್ಕೆ ಇರುವೆ ಮುತ್ತುತ್ತಿದ್ದವು, ಅದಕ್ಕೆ ಬಿಸಿನೀರಿನಲ್ಲಿ ಎರಡು ಸಲ ತಿಕ್ಕಿ ಒಗೆದು ಹಾಕಿದೆ ಎಂದು ಉಡಚವ್ವ ಹೇಳಿದಳು. ಅನಿತಾ ಅದನ್ನು ಒಮ್ಮೆಯೂ ಒಗೆದಿರಲಿಲ್ಲ. ಅದರಲ್ಲಿ ಮಗನ ಮೈವಾಸನೆ ಇತ್ತು. ಹೋಗಲಿ, ಅರಿವೆಯಾದರೂ ಇದೆಯಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡಳು. ಹೊಸ ಕೌದಿ ತೆಗೆದು ಮುಂದಿಟ್ಟು, ಅದು ತಪ್ಪಿ ಬಂದದ್ದು, ಬೇರೊಬ್ಬರದು, ಅದನ್ನು ಕೊಟ್ಟು ಇದನ್ನು ಇಟ್ಟುಕೊಳ್ಳಿ ಎಂದಳು.

ಹಳೆಯ ಅರಿವೆ ಎಂದು ಉಡಚವ್ವನೂ ನೋಡಿದ್ದಳು, ಈ ಕಾಲದಲ್ಲಿ ಹೀಗೂ ಹೊಲೆದು ಮಾರುತ್ತಾರೆಂದು ಸುಮ್ಮನಾಗಿದ್ದಳು. ಈಗ ಎದ್ದು ಕೂಸನ್ನು ಎತ್ತಿ ಸೊಸೆಯ ಕೈಗೆ ಕೊಟ್ಟಳು. ತೊಟ್ಟಿಲಿನಿಂದ ಕೌದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಮಹೇಶ್ವರಿ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಸರಿದಳು. ಹಿಂಬಾಗಿಲಾಚೆ ಬಚ್ಚಲ ಒಲೆ ಉರಿಯುತ್ತಿತ್ತು, ಬಾಣಂತಿಗೆ ಎರೆಯುವ ನೀರು ಅದರ ಮೇಲೆ ಕಾಯುತ್ತಿತ್ತು. ಉಡಚವ್ವ ಆ ಬಾಗಿಲಲ್ಲಿ ಹೋಗಿ ನಿಂತಳು.

"ಖರೇ ಹೇಳವ್ವಾ. ಈ ಅರಿವಿ ತೊಟ್ಟ ಕೂಸು ಐತೋ ಇಲ್ಲೋ?"

ಅನಿತಾ ಒಲೆಯನ್ನು ನೋಡಿದಳು. ಅಲ್ಲಿಗೆ ನಾಲ್ಕೇ ಹೆಜ್ಜೆ.

"ಐತ್ರಿ. ನನ್ನ ಮಗಂದು. ಚಲೋ ಅದಾನ. ಈಗ ಮೂರ ವರ್ಷ."

ಆ ಮಾತು ಎಲ್ಲಿಂದ ಬಂತೋ. ಬಂದದ್ದು ಮಾತ್ರ ಅಡೆತಡೆಯಿಲ್ಲದೆ ಬಂತು. ನಾಚಿಕೆಯ ಮಾತೆಂದರೆ, ಹೇಳಿದ ಆ ಒಂದು ಗಳಿಗೆ ಅವಳಿಗೆ ಸುಖವೇ ಆಯಿತು. ಎರಡು ವರ್ಷದಲ್ಲಿ ಅವನ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ, ಚಲೋ ಅದಾನ ಎಂದು ಹೇಳುವ ಪ್ರಸಂಗ ಬಂದಿರಲಿಲ್ಲ.

ಉಡಚವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಕೌದಿಯನ್ನು ಮಡಿಲಲ್ಲಿಟ್ಟುಕೊಂಡು, ಈ ಎತ್ತರದ ಜೋರು ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಎಲ್ಲ ಹೇಳಿದಳು. ಮಹೇಶ್ವರಿಗೆ ಇದು ಮೂರನೆಯದು. ಮೊದಲನೆಯದು ಹನ್ನೊಂದು ದಿನಕ್ಕೆ ಹೋಯಿತು, ಎರಡನೆಯದು ಎರಡು ತಿಂಗಳಿಗೆ. ಹುಟ್ಟಿದ ಕೂಸನ್ನು ಮೊದಲು ಬಾಳುತ್ತಿರುವ ಕೂಸಿನ ಹಳೆಯ ಅರಿವೆಯಲ್ಲಿ ಮಲಗಿಸಬೇಕು. ಅದು ಎಲ್ಲರಿಗೂ ಗೊತ್ತು, ಅನಿತಾಳಿಗೂ ಗೊತ್ತು. ಆದರೆ ಎರಡು ಕೂಸು ಉಳಿಯದ ಮನೆಗೆ ತಮ್ಮ ಮಗುವಿನ ಅರಿವೆ ಕೊಡುವ ಧೈರ್ಯ ಯಾವ ತಾಯಿಗಿದೆ? ಓಣಿಯಲ್ಲಿ ಮನೆ ಮನೆ ತಿರುಗಿದರೂ ಒಂದು ಕುಂಚಿಗೆ ಹುಟ್ಟಲಿಲ್ಲ. ಸ್ವಂತ ತಂಗಿ ಕೂಡ ಇಲ್ಲವೆಂದಳು. ಕೂಸು ದಿನವೂ ಬೆಚ್ಚಿ ಬೆಚ್ಚಿ ಎದ್ದು ಅಳುತ್ತಿತ್ತು. ಈ ಕೌದಿ ಬಂದು, ಅದರ ಮೇಲೆ ಹಾಕಿದ ದಿನದಿಂದ ನಿದ್ದೆ ಮಾಡುತ್ತಿದೆ, ಹಾಲು ಕುಡಿಯುತ್ತಿದೆ. ಯಾರೂ ಕೊಡದ್ದನ್ನು ದೇವರು ಚೀಟಿ ಹಚ್ಚಿ, ಮಹೇಶ್ವರಿಯ ಹೆಸರನ್ನೇ ಬರೆದು ಕಳಿಸಿದ್ದಾನೆ ಎಂದಳು.

ದೇವರಲ್ಲ, ನಾನು, ಎಂದು ಹೇಳಲು ಅನಿತಾಳಿಗೆ ಬಾಯಿ ಬರಲಿಲ್ಲ. ಅವಳು ಉಡಚವ್ವನ ಕಾಲು ಹಿಡಿದುಕೊಂಡಳು. ಬೇರೆ ಏನು ಬೇಕಾದರೂ ಕೇಳಿ, ಇಂಥ ಹತ್ತು ಕೌದಿ ಹೊಲೆದು ಕೊಡುತ್ತೇನೆ, ಅದೊಂದು ನನಗೆ ಬೇಕು ಎಂದಳು. ಉಡಚವ್ವ ಅವಳನ್ನು ಎಬ್ಬಿಸಿ, ತಲೆ ನೇವರಿಸಿದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಿನ್ನ ಮಗ ಮನಿಯಾಗ ಅದಾನಲ್ಲ ಯವ್ವಾ. ಮಗ ಇದ್ದಾಕಿಗೆ ಅರಿವಿ ಯಾಕ?"

ಇದಕ್ಕೆ ಅನಿತಾಳ ಹತ್ತಿರ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳಿದರೆ ಒಲೆಗೆ ನಾಲ್ಕೇ ಹೆಜ್ಜೆ. ಮಹೇಶ್ವರಿ ಗೋಡೆಗೆ ಆತುಕೊಂಡು ಇವಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳನ್ನು ಅನಿತಾ ಬಲ್ಲಳು, ದವಾಖಾನೆಯ ಬಾಗಿಲ ಗಾಜಿನಲ್ಲಿ ತನ್ನವನ್ನೇ ಹಾಗೆ ನೋಡಿದ್ದಳು. ಉಡಚವ್ವ ಕೌದಿಯನ್ನು ಕೊಡವಿ, ಮತ್ತೆ ತೊಟ್ಟಿಲಿಗೆ ಹಾಸಿ, ಕೂಸನ್ನು ಮಲಗಿಸಿದಳು. ಅನಿತಾ ಬಗ್ಗಿ ಅದರ ಒಂದು ಅಂಚನ್ನು ಸರಿಮಾಡಿದಳು. ಅಷ್ಟೇ ಅವಳಿಗೆ ಸಿಕ್ಕಿದ್ದು.

ಬರಿಗೈಯಲ್ಲಿ ಕಳಿಸಲಿಲ್ಲ. ಉಡಚವ್ವ ಅಕ್ಕಿ, ತೆಂಗಿನಕಾಯಿ, ಕುಬುಸದ ಖಣ ಹಾಕಿ ಉಡಿ ತುಂಬಿದಳು. ಮಗನ ಹೆಸರು ಕೇಳಿದಳು. ಫೋನು ನಂಬರು ಕೇಳಿ ತನ್ನ ಮಗನಿಂದ ಬರೆಸಿಕೊಂಡಳು. ಮನೆಗೆ ಬಂದಾಗ ಗುಡ್ಡವ್ವ ಉಡಿ ನೋಡಿ ಎಲ್ಲಿಯದೆಂದಳು. ರೋಣದಿಂದ ಹಾಗೇ ಇಟಗಿಗೆ ಹೋಗಿ ಭೀಮಾಂಬಿಕೆಯ ಗುಡಿಯಲ್ಲಿ ಉಡಿ ತುಂಬಿಸಿಕೊಂಡು ಬಂದೆ ಎಂದಳು ಅನಿತಾ. ಸೊಸೆ ತಾನಾಗಿಯೇ ಕೂಸಿಗಾಗಿ ಬೇಡಿಕೊಂಡು ಬಂದಳಲ್ಲ ಎಂದು ಗುಡ್ಡವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಒಮ್ಮೆ ಹೇಳಿದ ಸುಳ್ಳಿಗೆ ಜೊತೆ ಬೇಕಾಗುತ್ತದೆ, ಅನಿತಾ ಅವತ್ತಿನಿಂದ ಎರಡೂ ಮನೆಗೆ ಒಂದೊಂದು ಹೇಳುತ್ತ ಬಂದಳು.

ಹದಿನೈದು ದಿನ ಕಳೆದ ಮೇಲೆ ಉಡಚವ್ವನ ಮೊದಲ ಫೋನು ಬಂತು. ತನ್ನ ಮೊಮ್ಮಗನ ತೂಕ ಹೆಚ್ಚಾಗಿದೆ ಎಂದು ಹೇಳಿ, ರಾಜರತ್ನ ಹೇಗಿದ್ದಾನೆ ಎಂದು ಕೇಳಿದಳು. ಅನಿತಾ ಫೋನು ಹಿಡಿದು ಹಿತ್ತಲಿಗೆ ಹೋಗಿ, ಚಲೋ ಅದಾನ್ರಿ ಎಂದಳು. ಆಮೇಲೆ ತಿಂಗಳಿಗೆ ಎರಡು ಸಲವಾದರೂ ಬರತೊಡಗಿತು. ಉಡಚವ್ವನಿಗೆ ಅದು ಬರೀ ಕುಶಲ ಕೇಳುವುದಲ್ಲ. ಆ ಕೌದಿಯ ಹುಡುಗ ಅಲ್ಲಿ ಗಟ್ಟಿಯಾಗಿದ್ದರೆ ಇಲ್ಲಿ ತನ್ನ ಮೊಮ್ಮಗ ಗಟ್ಟಿ, ಹಾಗೆಂದು ನಂಬಿದ್ದಳು. ಅನಿತಾ ಒಂದು ಸಲ ಫೋನು ಎತ್ತದೆ ಬಿಟ್ಟಳು. ಅವತ್ತು ಆರು ಸಲ ಬಂತು, ಏಳನೆಯ ಸಲ ಮಹೇಶ್ವರಿಯೇ ಮಾಡಿ, ಏನಾದರೂ ಆಯಿತೇ ಎಂದು ಕೇಳಿದಳು. ಇಲ್ಲ, ಅವನನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದೆ ಎಂದಳು ಅನಿತಾ.

ಹೀಗೆ ರಾಜರತ್ನ ಬೆಳೆದ. ಅಂಗನವಾಡಿಗೆ ಹೋದ, ಮೊದಲ ದಿನ ಅತ್ತ. ಕಟ್ಟೆಯಿಂದ ಬಿದ್ದು ಮೊಣಕಾಲು ತರಚಿಕೊಂಡ. ಬೆಲ್ಲ ಬಿಟ್ಟು ಏನೂ ತಿನ್ನುವುದಿಲ್ಲವೆಂದು ಹಟ ಹಿಡಿದ. ಅನಿತಾ ಮೊದಮೊದಲು ಕೇಳಿದ್ದಕ್ಕಷ್ಟೇ ಹೇಳುತ್ತಿದ್ದಳು. ಆಮೇಲೆ ಫೋನು ಬರುವ ಮೊದಲೇ, ಚೀಟಿ ಅಂಟಿಸುತ್ತ ಕೂತಾಗ, ಈ ಸಲ ಏನು ಹೇಳಬೇಕೆಂದು ಯೋಚಿಸಿಟ್ಟುಕೊಳ್ಳುತ್ತಿದ್ದಳು. ಹೇಳಿ ಮುಗಿಸಿ ಒಳಗೆ ಬಂದರೆ ಮನೆ ಮೊದಲಿಗಿಂತ ಬರಿದಾಗಿರುತ್ತಿತ್ತು. ಮೊದಲು ಮಗ ಒಮ್ಮೆ ಸತ್ತಿದ್ದ. ಈಗ ಪ್ರತಿ ಸಲ ಫೋನು ಇಟ್ಟಾಗಲೂ ಸಾಯುತ್ತಿದ್ದ.

ಉಡಚವ್ವನ ಮೊಮ್ಮಗನಿಗೆ ಐದು ತಿಂಗಳು ತುಂಬಿದಾಗ ಅವಳು ಇನ್ನೊಂದು ಕೇಳಿದಳು. ಕೂಸಿನ ಕೈಕಾಲು ಬೆಳೆದಿವೆ, ಕೌದಿ ಸಾಲುತ್ತಿಲ್ಲ, ಅದಕ್ಕೊಂದು ತುಂಡು ಜೋಡಿಸಬೇಕು. ರಾಜರತ್ನನಿಗೆ ಈಗ ಸಣ್ಣದಾದ ಅಂಗಿ ಯಾವುದಾದರೂ ಇದ್ದರೆ ಕಳಿಸಿಕೊಡು ಎಂದಳು. ಇಲ್ಲವೆಂದರೆ ಯಾಕಿಲ್ಲ ಎಂಬ ಪ್ರಶ್ನೆ ಬರುತ್ತದೆ. ಬೆಳೆಯುವ ಹುಡುಗನಿರುವ ಯಾವ ಮನೆಯಲ್ಲಿ ಸಣ್ಣದಾದ ಅಂಗಿ ಇರುವುದಿಲ್ಲ? ಕಳಿಸ್ತೀನ್ರಿ ಎಂದಳು ಅನಿತಾ.

ಮರುದಿನ ಗಜೇಂದ್ರಗಡದ ಪೇಟೆಗೆ ಹೋದಳು. ದಾರಿಯುದ್ದಕ್ಕೂ ಹಂಚಿಕೆ ಹಾಕಿದ್ದಳು. ಹೊಸದು ಕೊಂಡು, ಹತ್ತಾರು ಸಲ ಕಲ್ಲಿನ ಮೇಲೆ ಕುಕ್ಕಿ ಒಗೆದು, ಬಿಸಿಲಿಗೆ ಹಾಕಿ ಬಣ್ಣ ಇಳಿಸಬೇಕು. ಮೊಣಕೈಯ ಹತ್ತಿರ ಸ್ವಲ್ಪ ಉಜ್ಜಬೇಕು, ಒಂದು ಗುಂಡಿ ಕಿತ್ತು ಬೇರೆ ಬಣ್ಣದ ನೂಲಿನಲ್ಲಿ ಹಚ್ಚಬೇಕು. ಆಡುವ ಹುಡುಗ ತೊಟ್ಟಂತೆ ಕಾಣಬೇಕು. ಮಕ್ಕಳ ಬಟ್ಟೆಯ ಅಂಗಡಿಯ ಮಾಬೂಬಿ ವಯಸ್ಸಾದ ಹೆಂಗಸು, ಗಿರಾಕಿಗಳನ್ನೆಲ್ಲ ಮಗಳೇ ಎಂದು ಕರೆಯುವವಳು. ಹುಡುಗನಿಗೆ ಎಷ್ಟು ವರ್ಷ ಎಂದು ಕೇಳಿದಳು. ಮೂರೂವರೆ ಎಂದಳು ಅನಿತಾ, ಲೆಕ್ಕ ಹಾಕಬೇಕಾಗಲಿಲ್ಲ. ಮಾಬೂಬಿ ನೀಲಿ ಚೌಕಡಿಯ ಎರಡು ಅಂಗಿ ತೆಗೆದು ಹರವಿದಳು, ಒಂದು ಸಣ್ಣದು, ಒಂದು ದೊಡ್ಡದು.

"ಮೈಯಾಗ ಹ್ಯಾಂಗ ಅದಾನ ಮಗಳ? ತೆಳ್ಳಗೋ, ತುಂಬಿಕೊಂಡಾನೋ?"

ಅವನು ಅಂಗನವಾಡಿಯಲ್ಲಿ ಅತ್ತದ್ದು ಅನಿತಾಳಿಗೆ ಗೊತ್ತಿತ್ತು, ಯಾವ ಕಟ್ಟೆಯಿಂದ ಬಿದ್ದ ಎಂಬುದು ಗೊತ್ತಿತ್ತು. ತೆಳ್ಳಗಿದ್ದಾನೋ ತುಂಬಿಕೊಂಡಿದ್ದಾನೋ ಗೊತ್ತಿರಲಿಲ್ಲ. ಸಣ್ಣ ಅಂಗಿಯ ಮೇಲೆ ಕೈಯಿಟ್ಟು ನೋಡಿದಳು, ದೊಡ್ಡದರ ತೋಳು ಬಿಡಿಸಿ ನೋಡಿದಳು. ಮಾಬೂಬಿ ಅವಸರ ಮಾಡಲಿಲ್ಲ, ತಾಯಂದಿರು ಹೀಗೆ ನಿಲ್ಲುವುದು ಅವಳಿಗೆ ಹೊಸದಲ್ಲ.

"ದೊಡ್ಡದ ಕೊಡ್ರಿ," ಎಂದಳು ಅನಿತಾ ಕಡೆಗೆ. "ಬೆಳ್ಯಾಂವ ಅದಾನ."

ನರಗುಂದದವರು ಕೇಳಿದ್ದು ಸಣ್ಣದಾದ ಅಂಗಿ ಎಂಬುದು ಅವಳಿಗೆ ನೆನಪಾದಾಗ ಬಸ್ಸು ಪೇಟೆ ದಾಟಿತ್ತು. ತೊಡೆಯ ಮೇಲಿದ್ದ ಅಂಗಿಯನ್ನು ಬಿಡಿಸಿ ನೋಡಿದಳು. ಅದು ಅವನಿಗೆ ಬರುವ ವರ್ಷಕ್ಕೂ ಆಗುತ್ತಿತ್ತು.